ಬಾಟಲಿಗೆ ಸಿಗದ ವಿಷ

ಹೊಲಕ್ಕೆ ಸಿಂಪಡಿಸಿದ ಕಳೆನಾಶಕ ಒಂದು ಜೋರು ಮಳೆಗೆ ತೊಳೆದುಕೊಂಡು ನದಿಗೆ ಇಳಿಯುತ್ತದೆ. ನೀರಿನಲ್ಲಿ ಅದರ ಪ್ರಮಾಣ ಸರ್ರನೆ ಏರಿ, ಕೆಲವೊಮ್ಮೆ ಗಂಟೆಗಳೊಳಗೇ ಇಳಿದುಹೋಗುತ್ತದೆ. ತಿಂಗಳಿಗೊಮ್ಮೆ ಬಂದು ಬಾಟಲಿ ತುಂಬಿಸಿಕೊಂಡು ಹೋಗುವವರಿಗೆ ಆ ಗಳಿಗೆ ಸಿಗುವುದು ಅಪರೂಪ. ವರದಿಯಲ್ಲಿ 'ಪತ್ತೆಯಾಗಿಲ್ಲ' ಎಂದು ಬರುತ್ತದೆ. ಮೀನು ಮಾತ್ರ ಆ ಗಂಟೆಗಳನ್ನೂ ಅದೇ ನೀರಿನಲ್ಲಿ ಕಳೆದಿರುತ್ತದೆ.

ಈ ಕೊರತೆಯನ್ನು ತುಂಬಲು ಬಂದದ್ದು ಪ್ಯಾಸಿವ್ ಸ್ಯಾಂಪ್ಲರ್. ಪಂಪು, ಬ್ಯಾಟರಿ ಯಾವುದೂ ಇದಕ್ಕೆ ಬೇಡ. ಮಾಲಿನ್ಯಕಾರಕವನ್ನು ಹಿಡಿದಿಟ್ಟುಕೊಳ್ಳುವ ವಸ್ತುವನ್ನು ತೆಳುವಾದ ಪೊರೆಯ ಹಿಂದೆ ಇರಿಸಿ, ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ನೀರಿನಲ್ಲಿ ಮುಳುಗಿಸಿಡುತ್ತಾರೆ. ಹೆಚ್ಚು ಇರುವಲ್ಲಿಂದ ಕಡಿಮೆ ಇರುವಲ್ಲಿಗೆ ಅಣುಗಳು ತಾವಾಗಿಯೇ ಸರಿಯುತ್ತವೆ. 1855ರಲ್ಲಿ ಅಡಾಲ್ಫ್ ಫಿಕ್ ಹೇಳಿದ ವಿಸರಣೆಯ ನಿಯಮವೇ ಇಲ್ಲಿ ದುಡಿಯುವುದು.

ಒಳಗಿನ ವಸ್ತು ಯಾವುದೆಂಬುದು ಏನನ್ನು ಹುಡುಕುತ್ತಿದ್ದೇವೆ ಎಂಬುದರ ಮೇಲೆ ನಿಂತಿದೆ. 1990ರಲ್ಲಿ ಅಮೆರಿಕದ ಜೇಮ್ಸ್ ಹಕಿನ್ಸ್ ಮತ್ತು ಸಂಗಡಿಗರು ಪಾಲಿಥಿನ್ ಕೊಳವೆಯಲ್ಲಿ ಟ್ರೈಓಲಿನ್ ಎಂಬ ಕೊಬ್ಬನ್ನು ತುಂಬಿದ ಸಾಧನವನ್ನು ವಿವರಿಸಿದರು. ಕೀಟನಾಶಕ ಡಿಡಿಟಿ, ಹಳೆಯ ವಿದ್ಯುತ್ ಉಪಕರಣಗಳ ಎಣ್ಣೆಯಲ್ಲಿದ್ದ ಪಿಸಿಬಿಗಳಂಥವು ನೀರಿಗಿಂತ ಕೊಬ್ಬಿನಲ್ಲೇ ಚೆನ್ನಾಗಿ ಕರಗುತ್ತವೆ. ಮೀನಿನ ದೇಹದಲ್ಲಿ ಅವು ಸೇರಿಕೊಳ್ಳುವುದೂ ಹಾಗೆಯೇ. ಮೀನನ್ನು ಕೊಲ್ಲದೆ ಮೀನಿನ ಪಾಡನ್ನು ಅಂದಾಜಿಸುವ ಈ ಉಪಾಯ ನನಗೆ ಬಹಳ ಇಷ್ಟ. ಲೋಹಗಳಿಗೆ ಬೇರೆಯದೇ ಬಲೆ: ಬ್ರಿಟನ್ನಿನ ವಿಲಿಯಂ ಡೇವಿಸನ್ ಮತ್ತು ಹಾವ್ ಜಾಂಗ್ 1994ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಜೆಲ್ ಪದರವನ್ನು ದಾಟಿ ಬಂದ ಲೋಹವನ್ನು ರಾಳವೊಂದು ಹಿಡಿದುಕೊಳ್ಳುತ್ತದೆ.

ಲೆಕ್ಕ ಸರಳ. ಸಾಧನ ದಿನಕ್ಕೆ 0.2 ಲೀಟರ್ ನೀರಿನಲ್ಲಿರುವಷ್ಟು ಮಾಲಿನ್ಯಕಾರಕವನ್ನು ಹೀರುತ್ತದೆ ಎಂದುಕೊಳ್ಳಿ. 28 ದಿನಕ್ಕೆ 5.6 ಲೀಟರ್ ಆಯಿತು. ಅದರಲ್ಲಿ 56 ನ್ಯಾನೊಗ್ರಾಂ (ಒಂದು ನ್ಯಾನೊಗ್ರಾಂ ಎಂದರೆ ಗ್ರಾಂನ ನೂರು ಕೋಟಿಯಲ್ಲೊಂದು ಪಾಲು) ಸಿಕ್ಕರೆ ಸರಾಸರಿ ಲೀಟರಿಗೆ 10 ನ್ಯಾನೊಗ್ರಾಂ.

ತೊಡಕೆಲ್ಲ ಆ 0.2ರಲ್ಲಿದೆ. ನೀರು ರಭಸವಾಗಿ ಹರಿದರೆ ಹೀರುವ ವೇಗ ಹೆಚ್ಚುತ್ತದೆ, ತಣ್ಣಗಾದರೆ ತಗ್ಗುತ್ತದೆ, ಪೊರೆಯ ಮೇಲೆ ಪಾಚಿ ಕಟ್ಟಿದರೆ ಮತ್ತೆ ಬದಲಾಗುತ್ತದೆ. ಹಾಗಾಗಿ ಕೊಬ್ಬಿನ ಮಾದರಿಯ ಸಾಧನಗಳಿಗೆ ನದಿಯಲ್ಲಿ ಇರದ ಕೆಲವು ರಾಸಾಯನಿಕಗಳನ್ನು ಮೊದಲೇ ಸೇರಿಸಿರುತ್ತಾರೆ. ವಾರಗಳ ಬಳಿಕ ಅವು ಎಷ್ಟು ಸೋರಿಹೋಗಿವೆ ಎಂದು ನೋಡಿದರೆ, ಹೊರಗಿನದು ಎಷ್ಟು ವೇಗವಾಗಿ ಒಳಬಂದಿರಬಹುದೆಂದು ತಿಳಿಯುತ್ತದೆ. ಸ್ಯಾಂಪ್ಲರನ್ನು ಇಳಿಸುವಾಗ, ಎತ್ತುವಾಗ ಗಾಳಿಯಿಂದಲೂ ಮಾಲಿನ್ಯ ಅಂಟುವುದುಂಟು. ಅದನ್ನು ಕಳೆಯಲು ನೀರಿಗೆ ಇಳಿಸದ ಇನ್ನೊಂದು ಸ್ಯಾಂಪ್ಲರನ್ನು ಅಷ್ಟು ಹೊತ್ತು ದಡದಲ್ಲಿ ತೆರೆದಿಟ್ಟು ಹೋಲಿಸುತ್ತಾರೆ.

ಇನ್ನೊಂದು ಪೇಚು ಕಾನೂನಿನದು. ಸ್ಯಾಂಪ್ಲರ್ ಅಳೆಯುವುದು ನೀರಿನಲ್ಲಿ ಕರಗಿ ಬಿಡಿಯಾಗಿರುವ ಅಂಶವನ್ನು, ಅಂದರೆ ಜೀವಿಗಳ ದೇಹಕ್ಕೆ ಸುಲಭವಾಗಿ ಸೇರುವಂಥದ್ದನ್ನು. ಯುರೋಪಿನ ನೀರಿನ ಮಾನದಂಡಗಳಾದರೋ ಸಾವಯವ ಮಾಲಿನ್ಯಕಾರಕಗಳಿಗೆ, ಮಣ್ಣಿನ ಕಣಕ್ಕೆ ಅಂಟಿದ್ದೂ ಸೇರಿದಂತೆ, ಒಟ್ಟು ನೀರಿನ ಲೆಕ್ಕ ಕೇಳುತ್ತವೆ. ಎರಡು ಸಂಖ್ಯೆಗಳು ತಾಳೆಯಾಗದಿದ್ದಾಗ ಸಾಧನವನ್ನೇ ದೂರುವುದು ಸರಿಯಲ್ಲ. ದಂಡ ವಿಧಿಸಲು ಬಾಟಲಿಯೇ ಇರಲಿ. ವಿಷ ಯಾವ ಕೊಳವೆಯಿಂದ ಬರುತ್ತಿದೆ ಎಂದು ಹುಡುಕಬೇಕಾದಾಗ, ಅದರ ಮೇಲ್ಹರಿವಿನಲ್ಲೊಂದು ಕೆಳಹರಿವಿನಲ್ಲೊಂದು ಸ್ಯಾಂಪ್ಲರನ್ನು ಒಂದೇ ಅವಧಿಗೆ, ಹರಿವು ಹೆಚ್ಚುಕಡಿಮೆ ಒಂದೇ ಇರುವಲ್ಲಿ ಮುಳುಗಿಸಿಡಬೇಕು. ಆಗ ಆ 0.2 ನಿಖರವಾಗಿ ಗೊತ್ತಿಲ್ಲದಿದ್ದರೂ ಎರಡರ ನಡುವಿನ ವ್ಯತ್ಯಾಸ ನಂಬಲರ್ಹ.