ಕಾಫಿ ಕಣದಿಂದ ಹೋಬಾರ್ಟ್‌ವರೆಗೆ ಒಂದು ಚುಕ್ಕೆ

ಡಿಸೆಂಬರ್ 26ರ ಬೆಳಗ್ಗೆ ಏಳೂವರೆಗೆ ನಮ್ಮ ಮನೆಯಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಸೋಮವಾರಪೇಟೆ ಕಡೆ ಅರೇಬಿಕಾ ಕೊಯ್ಲು ಜೋರಾಗಿರುವ ಹೊತ್ತು ಅದು. ರಾತ್ರಿ ಹೊದಿಸಿದ್ದ ಟಾರ್ಪಾಲು ತೆಗೆಯಬೇಕು, ಅದರ ಮೇಲಿನ ಇಬ್ಬನಿ ಕೊಡವಬೇಕು, ಕಾಫಿಯನ್ನು ಕಣದ ತುಂಬ ಹರಡಬೇಕು. ಅದೇ ಹೊತ್ತಿಗೆ ಸಿಡ್ನಿಯಲ್ಲಿ ಮಧ್ಯಾಹ್ನ ಒಂದು ಗಂಟೆ. ಅಲ್ಲಿನ ಬಂದರಿನಲ್ಲಿ ತೋಪು ಹಾರುತ್ತದೆ. ನೂರರ ಆಸುಪಾಸು ಹಾಯಿದೋಣಿಗಳು ಆಸ್ಟ್ರೇಲಿಯಾದ ಪೂರ್ವ ಕರಾವಳಿ ಹಿಡಿದು ದಕ್ಷಿಣಕ್ಕೆ, ಟಾಸ್ಮೇನಿಯಾ ದ್ವೀಪದ ಹೋಬಾರ್ಟ್ ಊರಿಗೆ ಹೊರಡುತ್ತವೆ. ಸಿಡ್ನಿ–ಹೋಬಾರ್ಟ್ ಹಾಯಿದೋಣಿ ಸ್ಪರ್ಧೆ ಅದು. 628 ನಾಟಿಕಲ್ ಮೈಲಿ. ನಮ್ಮ ಲೆಕ್ಕದಲ್ಲಿ ಸುಮಾರು 1,163 ಕಿಲೋಮೀಟರ್.

ನಮ್ಮಲ್ಲಿ ಸಿಗ್ನಲ್ ಸಿಗುವುದು ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಮನೆಯ ಮೆಟ್ಟಿಲ ಮೇಲೆ ಮಾತ್ರ. ಆ ವರ್ಷ ಕ್ರಿಸ್‌ಮಸ್ ರಜೆಗೆ ಬಂದಿದ್ದ ಅಣ್ಣನ ಮಗಳು ಅಲ್ಲೇ ಪಕ್ಕದಲ್ಲಿ ಕೂತು ಮೊಬೈಲಿಗೆ ಕಣ್ಣು ನೆಟ್ಟಳು. ನಕ್ಷೆಯ ಮೇಲೆ ಬಣ್ಣಬಣ್ಣದ ಚುಕ್ಕೆಗಳು, ಒಂದೊಂದು ಚುಕ್ಕೆ ಒಂದೊಂದು ದೋಣಿ. ಎಲ್ಲರೂ ನೋಡುವುದು ನೂರು ಅಡಿಯ ದೊಡ್ಡ ದೋಣಿಗಳನ್ನು. ನಾವು ಆರಿಸಿಕೊಂಡಿದ್ದು ಹತ್ತು ಮೀಟರ್ ಉದ್ದದ, ಇಬ್ಬರೇ ಇಬ್ಬರು ನಡೆಸುವ ಒಂದು ಸಣ್ಣ ದೋಣಿ. ಇಬ್ಬರೇ ಇರುವ ದೋಣಿಗಳಿಗೆ ಈ ಸ್ಪರ್ಧೆಯಲ್ಲಿ ಬೇರೆ ವಿಭಾಗ ಶುರುವಾಗಿದ್ದು 2021ರಲ್ಲಿ. ಒಬ್ಬರು ಮಲಗಿದರೆ ಇನ್ನೊಬ್ಬರು ಎದ್ದಿರಬೇಕು, ಅದಕ್ಕೇ ಅವರಿಗೆ ಚುಕ್ಕಾಣಿ ತಾನೇ ಹಿಡಿಯುವ ಯಂತ್ರ ಬಳಸಲು ಅನುಮತಿ ಇದೆ.

"ಚಿಕ್ಕಪ್ಪ, ಈ ಚುಕ್ಕೆ ನೋಡಿ ಏನು ಗೊತ್ತಾಗುತ್ತೆ?" ಅಂತ ಅವಳು ಕೇಳಿದಳು. ಬಹಳ ಗೊತ್ತಾಗುತ್ತದೆ.

ಮೊದಲು ಒಂದು ಸುಲಭದ ಲೆಕ್ಕ. ಭೂಮಿಯನ್ನು ಉತ್ತರದಿಂದ ದಕ್ಷಿಣಕ್ಕೆ ಅಳೆಯುವ ಅಕ್ಷಾಂಶದ ಒಂದು ಡಿಗ್ರಿಯಲ್ಲಿ 60 ಪಾಲು ಮಾಡಿದರೆ ಒಂದು ಪಾಲಿನ ಉದ್ದವೇ ಒಂದು ನಾಟಿಕಲ್ ಮೈಲಿ, ಅಂದರೆ 1.852 ಕಿಲೋಮೀಟರ್. ಗಂಟೆಗೆ ಅಷ್ಟು ದೂರ ಹೋದರೆ ವೇಗ ಒಂದು ನಾಟ್. ಸಿಡ್ನಿ ಇರುವುದು ದಕ್ಷಿಣಕ್ಕೆ 33.9 ಡಿಗ್ರಿಯಲ್ಲಿ, ಹೋಬಾರ್ಟ್ 42.9ರಲ್ಲಿ. ನಡುವೆ 9 ಡಿಗ್ರಿ, ಅಂದರೆ 540 ಮೈಲಿ. ಮಿಕ್ಕಿದ ಮೈಲಿಗಳು ಕರಾವಳಿಯ ಅಂಕುಡೊಂಕಿಗೆ. ಕ್ಯಾಲ್ಕುಲೇಟರ್ ಬೇಡ, ಕ್ಯಾಲೆಂಡರ್ ಸಾಕು. ಅವಳು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನಾ ಬೆಳಗ್ಗೆ ಏಳೂವರೆಗೆ ದೋಣಿಯ ಅಕ್ಷಾಂಶ ಬರೆಯಲು ಶುರುಮಾಡಿದಳು. ನಮ್ಮಪ್ಪ ಅದೇ ಕ್ಯಾಲೆಂಡರಿನಲ್ಲಿ ಮಳೆಯನ್ನು ಇಂಚು, ಸೆಂಟಿನಲ್ಲಿ ಬರೆಯುತ್ತಿದ್ದರು. ಡಿಸೆಂಬರಿನ ಮನೆಗಳು ಹೇಗೂ ಖಾಲಿಯೇ ಇದ್ದವು.

ಚುಕ್ಕೆ ನಕ್ಷೆಗೆ ಬರುವ ದಾರಿ ಹೀಗೆ. ದೋಣಿಯಲ್ಲಿ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರ ಸಂಕೇತ ಹಿಡಿದು, ಅವು ಬರಲು ತೆಗೆದುಕೊಂಡ ಸಮಯದಿಂದ ತಾನು ಎಲ್ಲಿದ್ದೇನೆ ಎಂದು ಲೆಕ್ಕ ಹಾಕುತ್ತದೆ. ಆಮೇಲೆ ಬೇರೊಂದು ಉಪಗ್ರಹದ ಮೂಲಕ ಅದನ್ನು ದಡಕ್ಕೆ ಕಳಿಸುತ್ತದೆ. ಕಳಿಸುವುದು ಆಗಾಗ, ಎಡೆಬಿಡದೆ ಅಲ್ಲ. ಎರಡು ಸುದ್ದಿಗಳ ನಡುವೆ ನಕ್ಷೆ ಸುಮ್ನೆ ನೇರ ಗೆರೆ ಎಳೆಯುತ್ತದೆ. ಹಾಗಾಗಿ ಒಮ್ಮೊಮ್ಮೆ ದೋಣಿ ಗುಡ್ಡ ಹತ್ತಿ ಇಳಿದ ಹಾಗೆ ಕಾಣುತ್ತದೆ, ಗಾಬರಿ ಆಗಬೇಡಿ.

ಆದರೆ ಒಂದು ಗಾಬರಿ ನಮಗೂ ಆಯಿತು. ಮೊದಲ ಸಂಜೆ ಹೊತ್ತಿಗೆ ನಮ್ಮ ದೋಣಿ ಬೇರೆಲ್ಲವನ್ನೂ ಬಿಟ್ಟು ಪೂರ್ವಕ್ಕೆ, ತೆರೆದ ಕಡಲಿನ ಕಡೆ ಹೊರಟಿತ್ತು. ಹೋಗಬೇಕಾದ್ದು ದಕ್ಷಿಣಕ್ಕೆ ಅಲ್ವಾ? ಪಟ್ಟಿಯಲ್ಲಿ ಅದರ ಸ್ಥಾನ ಕೆಳಗೆ ಕೆಳಗೆ ಇಳಿಯಿತು. ದಾರಿ ತಪ್ಪಿದ್ದಾರೆ ಅಂತ ಅವಳು ಬೇಜಾರು ಮಾಡಿಕೊಂಡಳು. ಮರುದಿನ ಬೆಳಗ್ಗೆ ನೋಡಿದರೆ 36.4! ಒಂದೇ ದಿನದಲ್ಲಿ ಎರಡೂವರೆ ಡಿಗ್ರಿ. ದಡದ ಪಕ್ಕ ಉಳಿದಿದ್ದ ಅಷ್ಟೇ ಗಾತ್ರದ ದೋಣಿಗಳು ಹಿಂದೆ ಬಿದ್ದಿದ್ದವು.

ಕಾರಣ ನೀರಿನೊಳಗೆ ಇತ್ತು. ಆ ಕರಾವಳಿಯ ಉದ್ದಕ್ಕೂ ಕಡಲಿನೊಳಗೇ ಒಂದು ಹೊಳೆ ಹರಿಯುತ್ತದೆ ಅಂದುಕೊಳ್ಳಿ. ಪೂರ್ವ ಆಸ್ಟ್ರೇಲಿಯಾ ಪ್ರವಾಹ ಅಂತ ಅದರ ಹೆಸರು. ಉತ್ತರದ ಕೋರಲ್ ಸಮುದ್ರದ ಬೆಚ್ಚಗಿನ ನೀರು ದಕ್ಷಿಣಕ್ಕೆ ಬರುತ್ತದೆ, ಕೆಲವು ಕಡೆ ಎರಡರಿಂದ ನಾಲ್ಕು ನಾಟ್ ವೇಗದಲ್ಲಿ. ಆರು ನಾಟ್ ಓಡುವ ಪುಟ್ಟ ದೋಣಿಗೆ ಎರಡು ನಾಟ್ ಪುಕ್ಕಟೆ ಸಿಕ್ಕರೆ ಎಷ್ಟು ದೊಡ್ಡ ಲಾಭ ನೋಡಿ. ಆದರೆ ಈ ಹೊಳೆಗೆ ದಡಗಳಿಲ್ಲ, ಅದು ನೆಟ್ಟಗೂ ಹರಿಯುವುದಿಲ್ಲ. ದಕ್ಷಿಣಕ್ಕೆ ಹೋದ ಹಾಗೆ ತುಂಡಾಗಿ ನೂರಾರು ಕಿಲೋಮೀಟರ್ ಅಗಲದ ಸುಳಿಗಳಾಗುತ್ತದೆ. ಬೆಚ್ಚಗಿನ ಸುಳಿಗಳು ಅಲ್ಲಿ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತವೆ. ಸುಳಿಯ ಪಶ್ಚಿಮದ ಅಂಚಿನಲ್ಲಿ ಇದ್ದವರನ್ನು ನೀರು ಹೋಬಾರ್ಟ್ ಕಡೆ ತಳ್ಳುತ್ತದೆ, ಪೂರ್ವದ ಅಂಚಿಗೆ ಹೋದವರನ್ನು ವಾಪಸು ಸಿಡ್ನಿ ಕಡೆ ಎಳೆಯುತ್ತದೆ. ಅಂಚು ಕಣ್ಣಿಗೆ ಕಾಣುವುದಿಲ್ಲವಲ್ಲ, ಅದನ್ನು ಹುಡುಕಲು ನಾವಿಕರು ಥರ್ಮಾಮೀಟರ್ ನೋಡುತ್ತಾರೆ. ನೀರು ಬೆಚ್ಚಗಾಯಿತು ಅಂದರೆ ಹೊಳೆಗೆ ಇಳಿದೆವು ಅಂತ ಲೆಕ್ಕ. ಕಡಲಿನ ಮೇಲ್ಮೈ ಎಷ್ಟು ಬಿಸಿ ಇದೆ ಎಂದು ಉಪಗ್ರಹಗಳು ತೆಗೆದ ಚಿತ್ರಗಳನ್ನು ಹೊರಡುವ ಮೊದಲೇ ಓದಿಕೊಂಡಿರುತ್ತಾರೆ. ನಮ್ಮ ಇಬ್ಬರು ಹಾಗೆ ಓದಿಕೊಂಡೇ ಪೂರ್ವಕ್ಕೆ ಹೋಗಿದ್ದರು ಅನ್ನುವುದು ನನ್ನ ನಂಬಿಕೆ. ಅವತ್ತಿನಿಂದ ಮೊದಲ ದಿನದ ಪಟ್ಟಿಯನ್ನು ನಾನು ನಂಬುವುದು ಬಿಟ್ಟೆ. ಉಳಿದ ದೂರ ಎಷ್ಟು ಅಂತ ಮಾತ್ರ ಅದು ಹೇಳುತ್ತದೆ, ಕಾಲ ಕೆಳಗಿನ ನೀರು ಯಾವ ಕಡೆ ಹೋಗುತ್ತಿದೆ ಅಂತ ಹೇಳುವುದಿಲ್ಲ.

27ರ ರಾತ್ರಿ ಗಾಳಿ ತಿರುಗಿತು. ಅಲ್ಲಿಯವರೆಗೆ ಈಶಾನ್ಯದಿಂದ, ಅಂದರೆ ಬೆನ್ನ ಹಿಂದಿನಿಂದ ಬೀಸುತ್ತಿದ್ದದ್ದು ಈಗ ದಕ್ಷಿಣದಿಂದ, ಮುಖಕ್ಕೇ ಬಡಿಯತೊಡಗಿತು. ಆ ಕರಾವಳಿಯಲ್ಲಿ ಇದು ಮಾಮೂಲು. ದಕ್ಷಿಣದ ತಣ್ಣನೆಯ ಗಾಳಿ ಗೋಡೆಯ ಹಾಗೆ ಬರುತ್ತದೆ, ಕೆಲವೇ ನಿಮಿಷಗಳಲ್ಲಿ ಹತ್ತು ಡಿಗ್ರಿಗಿಂತಲೂ ಜಾಸ್ತಿ ಸೆಖೆ ಇಳಿದುಬಿಡುವುದುಂಟು. ಗಾಳಿ ಉತ್ತರಕ್ಕೆ, ಕೆಳಗಿನ ಹೊಳೆ ದಕ್ಷಿಣಕ್ಕೆ. ಎರಡೂ ಎದುರು ಬದುರಾದಾಗ ಅಲೆಗಳು ಒತ್ತೊತ್ತಾಗಿ ಕಡಿದಾಗುತ್ತವೆ. ನಿನ್ನೆ ಲಾಭ ತಂದ ಹೊಳೆಯೇ ಇವತ್ತು ದೋಣಿಯನ್ನು ಕುಟ್ಟಿ ಹಾಕುತ್ತದೆ.

ಈಗ ಚುಕ್ಕೆಯ ಗೆರೆ ಅಡ್ಡಾದಿಡ್ಡಿ ಆಯಿತು. ಎಡಕ್ಕೆ ಹತ್ತು ಮೈಲಿ, ಬಲಕ್ಕೆ ಹತ್ತು ಮೈಲಿ. ಸಂಪಾಜೆ ಘಾಟಿಯ ತಿರುವುಗಳ ಹಾಗೆ. ಘಾಟಿಯಲ್ಲಿ ಲಾರಿ ನೇರ ಏರಲಾರದು, ಅಡ್ಡಡ್ಡ ಹೋಗಿ ಏರುತ್ತದೆ. ಹಾಯಿದೋಣಿಯೂ ಗಾಳಿಗೆ ನೇರ ಎದುರು ಹೋಗಲಾರದು, ಸುಮಾರು 45 ಡಿಗ್ರಿ ಓರೆಯಾಗಿ ಹೋಗಬಲ್ಲದು. ಹಾಗೆ ಹೋದರೆ ಹತ್ತು ಮೈಲಿ ಮುಂದೆ ಹೋಗಲು ಹದಿನಾಲ್ಕು ಮೈಲಿ ಓಡಬೇಕು.

ಅದು ಸರಿ, ಎದುರು ಗಾಳಿಯಲ್ಲಿ ಓರೆಯಾಗಿಯಾದರೂ ಮುಂದೆ ಹೋಗುವುದು ಹೇಗೆ? ನನಗೆ ಇದು ಅರ್ಥವಾಗಿದ್ದು ಕಣದಲ್ಲೇ. ಹಣ್ಣು ಕಾಫಿಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಒತ್ತಿ. ಒಳಗಿನ ಬೀಜ ಪಚಕ್ಕನೆ ಮುಂದಕ್ಕೆ ಹಾರುತ್ತದೆ. ಮುಂದಕ್ಕೆ ಅಂತ ಯಾರೂ ತಳ್ಳಲಿಲ್ಲ. ಒಂದು ಬೆರಳು ಈ ಪಕ್ಕದಿಂದ, ಇನ್ನೊಂದು ಆ ಪಕ್ಕದಿಂದ ಒತ್ತಿತು, ಅಷ್ಟೇ. ದೋಣಿಯಲ್ಲಿ ಒಂದು ಬೆರಳು ಹಾಯಿ. ಬಾಗಿದ ಹಾಯಿ ಗಾಳಿಯ ದಾರಿಯನ್ನು ತಿರುಗಿಸುತ್ತದೆ, ಗಾಳಿ ಅದಕ್ಕೆ ಪ್ರತಿಯಾಗಿ ಹಾಯಿಯನ್ನು ತಳ್ಳುತ್ತದೆ, ಬಹುಪಾಲು ಪಕ್ಕಕ್ಕೆ, ಸ್ವಲ್ಪ ಮುಂದಕ್ಕೆ. ಇನ್ನೊಂದು ಬೆರಳು ದೋಣಿಯ ತಳದಲ್ಲಿ ನೀರಿನೊಳಗೆ ಇಳಿದಿರುವ ರೆಕ್ಕೆ, ಅದನ್ನು ಕೀಲ್ ಅನ್ನುತ್ತಾರೆ. ಪಕ್ಕಕ್ಕೆ ಜಾರದ ಹಾಗೆ ಅದು ನೀರನ್ನು ಒತ್ತಿ ಹಿಡಿಯುತ್ತದೆ. ಎರಡರ ನಡುವೆ ಸಿಕ್ಕ ದೋಣಿ ಬೀಜದ ಹಾಗೆ ಮುಂದಕ್ಕೆ ಜಾರುತ್ತದೆ. ಕೀಲ್ ಒಳಗೆ ಸೀಸವೋ ಕಬ್ಬಿಣವೋ ತುಂಬಿರುತ್ತದೆ. ಎಷ್ಟೋ ದೋಣಿಗಳಲ್ಲಿ ಒಟ್ಟು ತೂಕದ ಮೂರನೇ ಒಂದು ಪಾಲು ಅದೇ. ಗಾಳಿ ದೋಣಿಯನ್ನು ವಾಲಿಸಿದಾಗ ಮತ್ತೆ ಎಬ್ಬಿಸಿ ನಿಲ್ಲಿಸುವುದೂ ಅದೇ. ಅಣ್ಣನ ಮಗಳು ಅವತ್ತು ಒಂದು ಬೊಗಸೆ ಹಣ್ಣು ಒತ್ತಿ ಹಾರಿಸಿ ನೋಡಿದಳು.

28ರ ಬೆಳಗ್ಗೆ ಕ್ಯಾಲೆಂಡರಿನಲ್ಲಿ 37.6. ಇಡೀ ದಿನಕ್ಕೆ ಬರೀ 72 ಮೈಲಿ. ಅಷ್ಟರಲ್ಲಿ ದೊಡ್ಡ ದೋಣಿಗಳು ಹೋಬಾರ್ಟ್ ಮುಟ್ಟಿ ಲಂಗರು ಹಾಕಿದ್ದವು.

ಸಣ್ಣ ದೋಣಿ ಯಾಕೆ ನಿಧಾನ? ಹಾಯಿ ಚಿಕ್ಕದು ಅನ್ನುವುದು ಅರ್ಧ ಉತ್ತರ. ಹಾರಂಗಿ ಹಿನ್ನೀರಿನಲ್ಲಿ ಮೀನು ಹಿಡಿಯುವವರ ದೋಣಿ ಹೋಗುವಾಗ ಮೂತಿಯ ಹತ್ತಿರ ಒಂದು ಅಲೆ ಏಳುವುದನ್ನು ನೋಡಿರುತ್ತೀರಿ. ದೋಣಿ ಜೋರಾದಷ್ಟೂ ಆ ಅಲೆ ಉದ್ದವಾಗುತ್ತದೆ. ಅಲೆಯ ಉದ್ದ ದೋಣಿಯ ಉದ್ದಕ್ಕೆ ಸಮವಾದಾಗ ಮೂತಿ ಒಂದು ದಿಬ್ಬದ ಮೇಲೆ, ಬಾಲ ಅದರ ಹಿಂದಿನ ದಿಬ್ಬದ ಮೇಲೆ. ಇನ್ನೂ ಜೋರಾದರೆ ಬಾಲ ತಗ್ಗಿಗೆ ಇಳಿಯುತ್ತದೆ, ದೋಣಿ ತಾನೇ ಎಬ್ಬಿಸಿದ ದಿಬ್ಬವನ್ನು ಹತ್ತಬೇಕು. ಈ ಅಲೆಗಳ ಲೆಕ್ಕವನ್ನು 19ನೇ ಶತಮಾನದಲ್ಲಿ ವಿಲಿಯಂ ಫ್ರೌಡ್ ಎಂಬ ಇಂಗ್ಲೆಂಡಿನ ಎಂಜಿನಿಯರ್ ಮಾದರಿ ಹಡಗುಗಳನ್ನು ತೊಟ್ಟಿಯಲ್ಲಿ ಎಳೆಸಿ ಕಂಡುಕೊಂಡರು. ನೀರಿಗೆ ತಾಗುವ ಉದ್ದ 9 ಮೀಟರ್ ಇದ್ದರೆ ಆ ಮಿತಿ ಗಂಟೆಗೆ ಸುಮಾರು 13.5 ಕಿಲೋಮೀಟರ್. 30 ಮೀಟರ್ ಇದ್ದರೆ ಹೆಚ್ಚುಕಡಿಮೆ 24.5. ಹಗುರವಾದ ಅಗಲ ದೋಣಿಗಳು ಒಳ್ಳೆ ಗಾಳಿಯಲ್ಲಿ ದಿಬ್ಬ ದಾಟಿ ನೀರಿನ ಮೇಲೆ ಜಾರಿಕೊಂಡು ಇನ್ನೂ ಜೋರಾಗಿ ಹೋಗುತ್ತವೆ. 2017ರಲ್ಲಿ ಕೊಮಾಂಚಿ ಎಂಬ ನೂರು ಅಡಿಯ ದೋಣಿ 1 ದಿನ 9 ಗಂಟೆ 15 ನಿಮಿಷ 24 ಸೆಕೆಂಡಿನಲ್ಲಿ ಮುಗಿಸಿದ್ದು ಹಾಗೆ.

ನಾನು ಸಣ್ಣ ದೋಣಿಯ ಪಕ್ಷ ಹಿಡಿಯುವುದಕ್ಕೆ ಕಾರಣವೂ ಇದೇ. ದೊಡ್ಡವು ಎರಡು ದಿನದಲ್ಲಿ ಮುಗಿಸಿ ಮನೆಗೆ ಹೋಗುತ್ತವೆ. ಸಣ್ಣವು ನಾಲ್ಕೈದು ದಿನ ಕಡಲಿನಲ್ಲಿರುತ್ತವೆ, ಆ ದಿನಗಳಲ್ಲಿ ಇನ್ನೂ ಒಂದೋ ಎರಡೋ ಸಲ ಹವೆ ಬದಲಾಗುತ್ತದೆ. ದೋಣಿಯ ಗಾತ್ರ, ಹಾಯಿ, ತೂಕ ನೋಡಿ ಪ್ರತಿಯೊಂದಕ್ಕೂ ಒಂದು ಅಂಕಿ ಕೊಟ್ಟು, ಓಡಿದ ಸಮಯವನ್ನು ಅದರಿಂದ ಗುಣಿಸಿ ಒಟ್ಟಾರೆ ಗೆದ್ದವರನ್ನು ಆರಿಸುತ್ತಾರೆ. ನ್ಯಾಯವಾದ ಪದ್ಧತಿ, ಒಪ್ಪುತ್ತೇನೆ. ಆದರೆ ಮೂರನೇ ದಿನ ಬಂದ ಎದುರು ಗಾಳಿಯನ್ನು ಯಾವ ಅಂಕಿಯಿಂದ ಗುಣಿಸುವುದು?

ಮುಂದೆ ಬಾಸ್ ಜಲಸಂಧಿ. ಆಸ್ಟ್ರೇಲಿಯಾ ಮತ್ತು ಟಾಸ್ಮೇನಿಯಾ ನಡುವಿನ ನೀರು, ಅಗಲ ಸುಮಾರು 250 ಕಿಲೋಮೀಟರ್, ಆಳ ಸರಾಸರಿ 60 ಮೀಟರ್ ಅಷ್ಟೇ. ಆಳದ ಕಡಲಿನಲ್ಲಿ ಸಾವಿರಾರು ಮೈಲಿ ಉರುಳಿಕೊಂಡು ಬಂದ ದೊಡ್ಡ ಅಲೆಗಳು ಇಲ್ಲಿ ತಳ ತಾಗಿ ನಿಧಾನವಾಗುತ್ತವೆ, ಹಿಂದಿನದು ಮುಂದಿನದರ ಮೇಲೆ ಒತ್ತುತ್ತದೆ, ಎತ್ತರ ಏರುತ್ತದೆ. 1998ರಲ್ಲಿ 115 ದೋಣಿಗಳು ಹೊರಟು 44 ಮಾತ್ರ ಹೋಬಾರ್ಟ್ ಮುಟ್ಟಿದವು. ಆರು ಜನ ಸತ್ತರು, 55 ಜನರನ್ನು ಕಡಲಿನಿಂದ ಎತ್ತಿ ಉಳಿಸಿದರು. ಆಮೇಲೆ ಒಂದು ನಿಯಮ ಬಂತು. ಜಲಸಂಧಿಗೆ ಇಳಿಯುವ ಮೊದಲು ಗ್ರೀನ್ ಕೇಪ್ ಹತ್ತಿರ ಪ್ರತಿ ದೋಣಿಯೂ ರೇಡಿಯೊದಲ್ಲಿ ಮಾತಾಡಬೇಕು. ದೋಣಿಯೂ ಜನರೂ ಮುಂದೆ ಹೋಗುವ ಸ್ಥಿತಿಯಲ್ಲಿದ್ದಾರೆ ಅಂತ ಬಾಯಿಬಿಟ್ಟು ಹೇಳಬೇಕು. 28ರಂದು ನಮ್ಮ ಚುಕ್ಕೆ ಗ್ರೀನ್ ಕೇಪ್ ದಾಟಿ ನೀರಿಗಿಳಿದಾಗ, ಅವರು ಏನು ಹೇಳಿರಬಹುದು ಅಂತ ನಾವಿಬ್ಬರೂ ಮೆಟ್ಟಿಲ ಮೇಲೆ ಕೂತು ಮಾತಾಡಿಕೊಂಡೆವು.

ಚುಕ್ಕೆಯೇ ಇಲ್ಲದ ಕಾಲವೂ ಇತ್ತು. 1945ರ ಮೊದಲ ಸ್ಪರ್ಧೆಯಲ್ಲಿ ಒಂಬತ್ತೇ ದೋಣಿಗಳು. ಪೀಟರ್ ಲ್ಯೂಕ್ ಎಂಬವರು ಸುಮ್ನೆ ವಿಹಾರಕ್ಕೆ ಅಂತ ಹೊರಡಿಸಿದ್ದನ್ನು ಸ್ಪರ್ಧೆ ಮಾಡೋಣ ಅಂದವರು ಬ್ರಿಟಿಷ್ ನೌಕಾಪಡೆಯ ಕ್ಯಾಪ್ಟನ್ ಜಾನ್ ಇಲಿಂಗ್‌ವರ್ತ್. ಅವರ 35 ಅಡಿಯ ದೋಣಿಯ ಹೆಸರು ರಾಣಿ! ನಮ್ಮ ಕಡೆಯ ಹೆಸರು ಅಂತ ಅಣ್ಣನ ಮಗಳಿಗೆ ಬಹಳ ಖುಷಿ. ಬಿರುಗಾಳಿ ಎದ್ದು ದೋಣಿಗಳು ಚೆದುರಿದವು. ರಾಣಿಯಲ್ಲಿ ರೇಡಿಯೊ ಇರಲಿಲ್ಲ, ದಿನಗಟ್ಟಲೆ ಸುದ್ದಿಯಿಲ್ಲ, ಮುಳುಗಿತು ಅಂತಲೇ ಜನ ಅಂದುಕೊಂಡರು. ಆಮೇಲೆ ಅದು ಟಾಸ್ಮೇನಿಯಾದ ಆಗ್ನೇಯ ತುದಿಯ ಪುಟ್ಟ ಟಾಸ್ಮನ್ ದ್ವೀಪದ ಹತ್ತಿರ ಪ್ರತ್ಯಕ್ಷವಾಗಿ, 6 ದಿನ 14 ಗಂಟೆ 22 ನಿಮಿಷಕ್ಕೆ ಎಲ್ಲರಿಗಿಂತ ಮೊದಲು ಹೋಬಾರ್ಟ್ ಸೇರಿತು. ದಡದಲ್ಲಿ ಕಾದವರಿಗೆ ಆ ದಿನಗಳು ಹೇಗೆ ಕಳೆದಿರಬೇಕು!

29ಕ್ಕೆ 40.2. ಗಾಳಿ ಪಶ್ಚಿಮಕ್ಕೆ ತಿರುಗಿ ಪಕ್ಕದಿಂದ ಬೀಸಿತ್ತು, ಜಲಸಂಧಿ ಒಳ್ಳೆಯದಾಗಿಯೇ ದಾಟಿದರು. 30ಕ್ಕೆ 42.4. ಅವತ್ತು ಸಂಜೆ ಅವಳು ಓಡಿ ಬಂದಳು, "ಚಿಕ್ಕಪ್ಪ, 43.2 ತೋರಿಸ್ತಾ ಇದೆ, ಹೋಬಾರ್ಟ್ ದಾಟಿ ಹೋಗಿಬಿಟ್ರು!" ದಾಟಿರಲಿಲ್ಲ. ಟಾಸ್ಮನ್ ದ್ವೀಪ ಇರುವುದು ಹೋಬಾರ್ಟ್‌ಗಿಂತ ಕೆಳಗೆ. ಅದನ್ನು ಸುತ್ತಿಕೊಂಡು, ಸ್ಟಾರ್ಮ್ ಬೇ ಎಂಬ ಕೊಲ್ಲಿ ಹಾದು, ಡರ್ವೆಂಟ್ ನದಿಯಲ್ಲಿ ಮತ್ತೆ ಉತ್ತರಕ್ಕೆ ಏರಬೇಕು. ಕೊನೆಯ 11 ಮೈಲಿ ನದಿಯಲ್ಲೇ.

ರಾತ್ರಿ ಊಟ ಮುಗಿಸಿ ನೋಡಿದರೆ ಚುಕ್ಕೆ ನದಿಯ ಬಾಯಲ್ಲಿ ನಿಂತುಬಿಟ್ಟಿತ್ತು. ವೇಗ ಅರ್ಧ ನಾಟ್. ಅಲ್ಲಿ ಆಗ ರಾತ್ರಿ ಎರಡೂವರೆ. ಹಗಲು ನೆಲ ಕಾದು ಗಾಳಿ ಮೇಲೇರಿದಾಗ ಆ ಜಾಗಕ್ಕೆ ಕಡಲಿನಿಂದ ಗಾಳಿ ಬರುತ್ತದೆ. ರಾತ್ರಿ ನೆಲ ತಣ್ಣಗಾದರೆ ಆ ಎಳೆತ ನಿಂತುಹೋಗುತ್ತದೆ. ತಣ್ಣನೆಯ ಭಾರದ ಗಾಳಿ ತಗ್ಗಿನಲ್ಲಿ ಮಲಗಿಬಿಡುತ್ತದೆ, ಮೇಲಿನ ಗಾಳಿ ನೀರಿನವರೆಗೆ ಇಳಿಯುವುದಿಲ್ಲ. ನಮ್ಮ ಗದ್ದೆ ಬಯಲಿನಲ್ಲಿ ಬೆಳಗಿನ ಜಾವ ಮಂಜು ಅಲುಗಾಡದೆ ಕೂತಿರುತ್ತದಲ್ಲ, ಅದೇ ಕಾರಣ. ಐದು ದಿನ ಸರಿಯಾಗಿ ನಿದ್ದೆಯಿಲ್ಲದ ಆ ಇಬ್ಬರು, ಊರಿನ ದೀಪ ಕಾಣುವಷ್ಟು ಹತ್ತಿರ ಬಂದು, ಗಾಳಿಯ ಒಂದೊಂದು ಉಸಿರಿಗೂ ಹಾಯಿ ತಿರುಗಿಸುತ್ತಾ ಕೂತಿದ್ದರು.

ನನಗೆ ನಿದ್ದೆ ಬರಲಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಟಾರ್ಚ್ ಹಿಡಿದು ಮೆಟ್ಟಿಲಿಗೆ ಹೋದೆ. ಹೋಬಾರ್ಟ್‌ನಲ್ಲಿ ಒಂಬತ್ತೂವರೆ, ಬಿಸಿಲು ಬಂದಿತ್ತು, ಗಾಳಿಯೂ ಎದ್ದಿತ್ತು. ಚುಕ್ಕೆ ಆಗಷ್ಟೇ ಗೆರೆ ದಾಟಿತ್ತು. 4 ದಿನ ಇಪ್ಪತ್ತೂವರೆ ಗಂಟೆ. ಸರಾಸರಿ ವೇಗ ಗಂಟೆಗೆ ಹತ್ತು ಕಿಲೋಮೀಟರ್, ಸೈಕಲ್ಲಿನಲ್ಲಿ ನಿಧಾನಕ್ಕೆ ಹೋದಷ್ಟು.

ಬೆಳಗ್ಗೆ ಅವಳು ಎದ್ದು ಕೇಳಿದಳು. ಹೇಳಿದೆ. ಕುರ್ಚಿ ಹತ್ತಿ 31ರ ಮನೆಯಲ್ಲಿ 42.9 ಅಂತ ಬರೆದು, ಪಕ್ಕದಲ್ಲಿ ಒಂದು ಪುಟ್ಟ ಹಾಯಿ ಬಿಡಿಸಿದಳು.