ಸಿಗ್ನಲ್ ಕೆಟ್ಟರೆ ಹಸಿರು ಝಂಡಾ ತೋರಿಸಿ ಗಾಡಿ ಬಿಡಬಾರದಾ?

ಓದುಗರ ಪ್ರಶ್ನೆ: "ಊರು ಇನ್ನೇನು ಬಂತು ಅನ್ನುವಾಗ ಹೊರಗಿನ ಸಿಗ್ನಲ್ ಹತ್ತಿರ ಗಾಡಿ ಅರ್ಧ ತಾಸು ನಿಂತಿತ್ತು. ಕೇಳಿದರೆ ಸಿಗ್ನಲ್ ಫೇಲ್ ಅಂದರು. ಒಬ್ಬರು ಹಸಿರು ಝಂಡಾ ಹಿಡಿದು ನಿಂತರೆ ಮುಗೀತಿತ್ತಲ್ಲ?"

ಮುಗಿಯುತ್ತಿರಲಿಲ್ಲ. ಬಳ್ಳಾರಿಯಿಂದಲೂ ಇದೇ ಪ್ರಶ್ನೆ, ರಾಯಚೂರಿನಿಂದಲೂ ಇದೇ. ಈ ಸಲ ಬುಡಸಮೇತ ಕಿತ್ತೇ ಬಿಡೋಣ.

ಹಸಿರು ಝಂಡಾ ಅಂದರೆ ಗಾಡಿ ಹೊರಡಲು ಪರವಾನಗಿ ಎಂಬ ನಂಬಿಕೆ ಮಂದಿಯ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ಹೊಸ ಗಾಡಿಗೆ ಮಂತ್ರಿಗಳು ಝಂಡಾ ಬೀಸುವ ಫೋಟೋ ನೋಡಿ ನೋಡಿ ಹೀಗಾಗಿರಬೇಕು. ಆ ಗಾಡಿಯೂ ಹೊರಡುವುದು ಸ್ಟಾರ್ಟರ್ (ಸ್ಟೇಷನ್ ಬಿಟ್ಟು ಹೊರಡಲು ಇರುವ) ಸಿಗ್ನಲ್ ಬಿದ್ದ ಮೇಲೆಯೇ, ಮಂತ್ರಿಗಳ ಕೈ ನೋಡಿ ಅಲ್ಲ. ಹಿಂದಿನ ಡಬ್ಬಿಯಿಂದ ಗಾರ್ಡ್ (2022ರಿಂದ ಅವರ ಹೆಸರು ಟ್ರೇನ್ ಮ್ಯಾನೇಜರ್) ತೋರಿಸುವ ಹಸಿರೂ ಅಷ್ಟೆ. "ನನ್ನ ಕಡೆಯಿಂದ ಎಲ್ಲ ಸರಿ ಇದೆ" ಅನ್ನುವುದಷ್ಟೇ ಅದರ ಅರ್ಥ. ಸ್ಟಾರ್ಟರ್ ಕೆಂಪು ಇದ್ದಾಗ ಗಾರ್ಡಿನ ಹಸಿರು ನೋಡಿ ಗಾಡಿ ಎಳೆದರೆ ಡ್ರೈವರನ ನೌಕರಿಗೇ ಕುತ್ತು.

ಒಂದು ಲೆಕ್ಕ ಹಾಕಿ. ಗಿಣಿಗೇರಾ ಪ್ಲಾಟ್‌ಫಾರ್ಮಿನಲ್ಲಿ ಝಂಡಾ ಹಿಡಿದು ನಿಂತವನಿಗೆ ಎಷ್ಟು ದೂರ ಕಾಣುತ್ತದೆ? ಬಿಸಿಲಿನ ಝಳದಲ್ಲಿ ಯಾರ್ಡಿನ ಆ ತುದಿ ಕಂಡರೆ ಪುಣ್ಯ. ಅದರಾಚೆ ಕೊಪ್ಪಳದ ತನಕ ಲೈನಿನಲ್ಲಿ ಏನಿದೆ ಎಂದು ಅವನ ಕಣ್ಣಿಗೆ ಹೇಗೆ ಗೊತ್ತಾಗಬೇಕು? ಮುಂದೆ ಹೋದ ಗೂಡ್ಸು ನಡುದಾರಿಯಲ್ಲೇ ನಿಂತಿರಬಹುದು. ಅದರ ಹಿಂದಿನ ನಾಲ್ಕು ಡಬ್ಬಿ ಕಳಚಿ ಲೈನಿನಲ್ಲೇ ಉಳಿದಿರಬಹುದು. ಝಂಡಾದ ಮಾತು ಹಿಡಿದವನ ಕಣ್ಣು ಮುಟ್ಟುವಷ್ಟು ದೂರಕ್ಕೆ ಮಾತ್ರ. ಮೇಲಾಗಿ ಝಂಡಾದ ಮೇಲೆ ಗಾಡಿ ನಂಬರ್ ಇಲ್ಲ, ಹೊತ್ತು ಇಲ್ಲ, ಮುಂದಿನ ಸ್ಟೇಷನ್ ಮಾಸ್ತರರ ಒಪ್ಪಿಗೆಯೂ ಇಲ್ಲ. ಎರಡು ಲೈನಿನಲ್ಲಿ ಎರಡು ಗಾಡಿ ನಿಂತಿದ್ದರೆ ಅದು ತೋರಿಸಿದ್ದು ಯಾರಿಗೆ? ಇಬ್ಬರು ಡ್ರೈವರ್‌ಗಳೂ ತನಗೇ ಅಂದುಕೊಂಡರೆ ಮುಂದಿನದು ಹೇಳಬೇಕಿಲ್ಲ.

ಕಣ್ಣಿಗೆ ಕಾಣದ ಆ ದೂರಕ್ಕೆ ಬೇಕಾದದ್ದು ಲೈನ್ ಕ್ಲಿಯರ್, ಅಂದರೆ ಲೈನ್ ಖಾಲಿ ಇದೆ, ಗಾಡಿ ಬಿಡಿ ಎಂಬ ಮುಂದಿನ ಸ್ಟೇಷನ್ನಿನ ಒಪ್ಪಿಗೆ. ಮುಂದಿನ ಮಾಸ್ತರರು ಅದನ್ನು ಸುಮ್ಮನೆ ಕೊಡುವಂತಿಲ್ಲ. ಹಿಂದಿನ ಗಾಡಿ ಪೂರ್ತಿ ಬಂದಿರಬೇಕು, ಅಂದರೆ ಕೊನೆಯ ಡಬ್ಬಿಯ ಎಲ್‌ವಿ (ಲಾಸ್ಟ್ ವೆಹಿಕಲ್) ಬೋರ್ಡನ್ನೋ ಹಿಂದೀಪವನ್ನೋ ಕಣ್ಣಾರೆ ನೋಡಿರಬೇಕು. ಅದರ ಹಿಂದೆ ಸಿಗ್ನಲ್ ವಾಪಸ್ ಕೆಂಪಾಗಿರಬೇಕು. ತಮ್ಮ ಮೊದಲ ಸ್ಟಾಪ್ ಸಿಗ್ನಲ್ ತನಕ ಮಾತ್ರವಲ್ಲ, ಅದನ್ನು ದಾಟಿಯೂ ಒಂದಷ್ಟು ಹಳಿ ಖಾಲಿ ಇರಬೇಕು: ಹಳೆಯ ಎರಡು ಬಣ್ಣದ ಸಿಗ್ನಲ್ ಇದ್ದಲ್ಲಿ 400 ಮೀಟರ್, ಈಗಿನ ಹೆಚ್ಚು ಬಣ್ಣದ ಸಿಗ್ನಲ್ ಇದ್ದಲ್ಲಿ 180 ಮೀಟರ್. ಬ್ರೇಕ್ ಸ್ವಲ್ಪ ತಪ್ಪಿದರೂ ಗುದ್ದದಿರಲಿ ಎಂದು ಈ ಜಾಗ.

ಹಳಬರು ನೋಡಿದ ಬಳೆ ನೆನಪಿದೆಯಲ್ಲ, ಓಡುವ ಎಂಜಿನ್ನಿನಿಂದ ಡ್ರೈವರ್ ತೋಳು ಚಾಚಿ ಸಿಕ್ಕಿಸಿಕೊಳ್ಳುತ್ತಿದ್ದ ದೊಡ್ಡ ಬಳೆ? ಬಳೆ ಬರೀ ಹಿಡಿಕೆ. ಬೆಲೆ ಇದ್ದದ್ದು ಅದಕ್ಕೆ ಕಟ್ಟಿದ ಚೀಲದೊಳಗಿನ ಲೋಹದ ಗುಂಡಿಗೆ. ಒಂಟಿ ಲೈನಿನ ಎರಡೂ ತುದಿಯ ಯಂತ್ರಗಳು ವಿದ್ಯುತ್ತಿನಿಂದ ಒಂದಕ್ಕೊಂದು ಬಿಗಿದುಕೊಂಡಿರುತ್ತಿದ್ದವು. ಒಂದು ಗುಂಡು ಹೊರಬಂದರೆ ಅದು ಈ ತುದಿಗೋ ಆ ತುದಿಗೋ ವಾಪಸ್ ಬೀಳುವ ತನಕ ಇನ್ನೊಂದು ಬರದು. ಗುಂಡಿನ ಮೇಲೆ ಎರಡೂ ಸ್ಟೇಷನ್ನಿನ ಹೆಸರು ಕೆತ್ತಿರುತ್ತಿತ್ತು. ಡ್ರೈವರ್ ಅದನ್ನು ಓದಿಯೇ ಮುಂದುವರಿಯಬೇಕು, ಚೀಲ ಕೈಗೆ ಬಂತೆಂದು ಹೊರಡುವಂತಿಲ್ಲ. ಗುಂಡು ಎಲ್ಲೋ ಮುಳ್ಳುಗಂಟಿಯಲ್ಲಿ ಬಿದ್ದು ಕಳೆಯಿತೆಂದರೆ ಎರಡೂ ಯಂತ್ರ ಬಂದ್. ಆಮೇಲೆ ಕಾಗದವೇ ಗತಿ.

ಆ ಕಾಗದಕ್ಕೆ ಪೇಪರ್ ಲೈನ್ ಕ್ಲಿಯರ್ ಎನ್ನುತ್ತಾರೆ, ಅಪ್ ಗಾಡಿಗೊಂದು ಫಾರಂ, ಡೌನ್ ಗಾಡಿಗೊಂದು. ಎರಡು ಸ್ಟೇಷನ್ನಿನ ನಡುವೆ ಲೈನ್ ಕ್ಲಿಯರ್ ಕೊಡುವ ಬ್ಲಾಕ್ ಯಂತ್ರ ಕೆಟ್ಟರೆ ಇಂದಿಗೂ ಅದೇ ದಾರಿ. ಮಾಸ್ತರರು ಫೋನಿನಲ್ಲಿ ಕೇಳುತ್ತಾರೆ, ಆ ಕಡೆಯವರು ಒಪ್ಪಿದರೆ ತಮ್ಮ ಹಾಳೆಯಿಂದ ಎರಡಂಕಿಯ ಪ್ರೈವೇಟ್ ನಂಬರ್ ಒಂದನ್ನು ಕೊಟ್ಟು ಅದನ್ನು ಅಲ್ಲೇ ಹೊಡೆದುಹಾಕುತ್ತಾರೆ. "ಹೂಂ ಬಿಡ್ರಿ" ಎಂಬ ಬಾಯಿಮಾತಿಗೆ ಇಲ್ಲಿ ಕವಡೆ ಕಿಮ್ಮತ್ತಿಲ್ಲ. ಕಾಗದದಲ್ಲಿ ಗಾಡಿ ನಂಬರ್, ತಾರೀಖು, ಹೊತ್ತು, ಪ್ರೈವೇಟ್ ನಂಬರ್, ಸಹಿ, ಮೊಹರು ಎಲ್ಲ ಇರಬೇಕು. ತಿದ್ದಿ ಗೀಚಿದ್ದರೆ ಡ್ರೈವರ್ ವಾಪಸ್ ಕೊಟ್ಟು ಹೊಸದು ಕೇಳಬೇಕು.

ಈಗ ನಿಮ್ಮ ಅರ್ಧ ತಾಸಿಗೆ ಬರೋಣ. ಒಳಗೆ ಬರುವ ಸಿಗ್ನಲ್ ಕೆಟ್ಟಿದೆ ಅಂದರೆ ಪಾಯಿಂಟುಗಳನ್ನು (ಗಾಡಿ ಒಂದು ಲೈನಿನಿಂದ ಇನ್ನೊಂದಕ್ಕೆ ಹೊರಳುವ ಜಾಗ) ಸಿಗ್ನಲ್ ಕಾಯುತ್ತಿಲ್ಲ ಎಂದೇ ಲೆಕ್ಕ. ಪಾಯಿಂಟ್ಸ್‌ಮನ್ ಯಾರ್ಡಿನ ತುದಿಗೆ ನಡೆದು ಹೋಗಬೇಕು. ಪಾಯಿಂಟಿನ ನಾಲಿಗೆ, ಅಂದರೆ ಅತ್ತಿತ್ತ ಸರಿಯುವ ಚೂಪು ಹಳಿ, ಪಕ್ಕದ ಹಳಿಗೆ ಅಂಟಿದೆಯೇ, ನಡುವೆ ಜಲ್ಲಿ ಚೂರೋ ಅದಿರಿನ ಹೆಂಟೆಯೋ ಸಿಕ್ಕಿದೆಯೇ ಎಂದು ಬಗ್ಗಿ ನೋಡಬೇಕು. ನಾಲಿಗೆಯನ್ನು ಹಳಿಗೆ ಕ್ಲಾಂಪ್ ಹಾಕಿ ಬಿಗಿದು ಬೀಗ ಜಡಿಯಬೇಕು. ಬೀಗದ ಕೈ ಮಾಸ್ತರರ ವಶ. ಗಾಡಿ ಎದುರಾಗಿ ಬರುವ ಪ್ರತಿ ಪಾಯಿಂಟಿಗೂ ಇದೇ ಪಾಡು. ನಾಲಿಗೆ ಅರ್ಧ ತೆರೆದಿದ್ದರೆ ಮುಂದಿನ ಗಾಲಿ ಒಂದು ಲೈನಿಗೆ, ಹಿಂದಿನದು ಇನ್ನೊಂದಕ್ಕೆ. ಇಷ್ಟಾದ ಮೇಲೆ ಟಿ/369(3ಬಿ) ಎಂಬ ಲಿಖಿತ ಅಪ್ಪಣೆ ಡ್ರೈವರನ ಕೈ ಸೇರಬೇಕು. ಆಮೇಲೆ ಕೆಟ್ಟ ಸಿಗ್ನಲ್ ಕಂಬದ ಬುಡದಲ್ಲಿ ನಿಂತು ಹಸಿರು ಝಂಡಾ. ಕೊನೆಗೂ ಬಂತು ನೋಡಿ ನಿಮ್ಮ ಝಂಡಾ, ಆದರೆ ಕಾಗದದ ಹಿಂದೆ. ಅಲ್ಲಿಂದ ಪಾಯಿಂಟುಗಳ ಮೇಲೆ ತಾಸಿಗೆ 15 ಕಿ.ಮೀ. ವೇಗ. ಅರ್ಧ ತಾಸಿನಲ್ಲಿ ಮುಗಿಸಿದ್ದರೆ ಪಾಯಿಂಟ್ಸ್‌ಮನ್ ಕಾಲು ಚುರುಕಿನವನೇ.

ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ತೋರಣಗಲ್ಲಿನಲ್ಲಿ ನಿಲ್ಲದೆ ಓಡುವ ಗಾಡಿಗೂ, ಸಿಗ್ನಲ್ ಹಸಿರೇ ಇದ್ದಾಗಲೂ, ಝಂಡಾ ಹಿಡಿದು ಯಾಕೆ ನಿಲ್ಲುತ್ತಾರೆ? ಹಿಡಿದವನ ಕಣ್ಣು ಗಾಡಿಯ ಮೈಮೇಲೆ ಇರುತ್ತದೆ. ಕಾದು ಕೆಂಪಾದ ಆಕ್ಸಲ್, ಜೋತುಬಿದ್ದ ಬ್ರೇಕ್ ಕಬ್ಬಿಣ, ಹೊಗೆ, ತೆರೆದ ಬಾಗಿಲು, ಯಾವುದೂ ಎಂಜಿನ್ನಿನಲ್ಲಿ ಕೂತವನಿಗೆ ಕಾಣದು. ಅದಕ್ಕೇ ಆಚೆ ಪಕ್ಕದಲ್ಲೂ ಒಬ್ಬ ನಿಂತಿರುತ್ತಾನೆ. ಎಲ್ಲ ಸರಿ ಇದ್ದರೆ ಹಸಿರು, ಅನುಮಾನ ಬಂದರೆ ಕೆಂಪು.

ಲೈನ್ ಪಕ್ಕ ಹೊಲ ಇರುವವರು ಒಂದು ಮಾತು ತಿಳಿದಿರಿ. ಹಳಿ ಮುರಿದದ್ದು ಕಂಡರೆ ಕೆಂಪು ಬಟ್ಟೆ ಹುಡುಕುತ್ತಾ ಕೂರಬೇಡಿ. ಎರಡೂ ಕೈ ತಲೆಯ ಮೇಲೆ ಎತ್ತಿ ಗಾಡಿ ಬರುವ ಕಡೆಗೆ ಓಡಿ, ಹಳಿಯಿಂದ ಆಚೆ ಇದ್ದುಕೊಂಡೇ. ಡ್ರೈವರಿಗೆ ಅದೇ ಕೆಂಪು ಸಿಗ್ನಲ್. ರಾತ್ರಿಯಾದರೆ ಬ್ಯಾಟರಿಯನ್ನು ಮೈಗೆ ಅಡ್ಡಲಾಗಿ ಜೋರಾಗಿ ಬೀಸಿ. ಮೇಲೆ ಕೆಳಗೆ ಬೀಸಬೇಡಿ, ಹಸಿರನ್ನು ಹಾಗೆ ಬೀಸಿದರೆ "ನಿಧಾನಕ್ಕೆ ಬಾ" ಅಂತ ಅರ್ಥ. ತುಂಬಿದ ಅದಿರು ಗಾಡಿ ಬ್ರೇಕ್ ಹಾಕಿದ ಮೇಲೂ ಬಲು ದೂರ ಓಡಿಯೇ ನಿಲ್ಲುವುದು. ಅದಕ್ಕೇ ಬ್ರಾಡ್‌ಗೇಜಿನಲ್ಲಿ ಗೇಟಿನವನೂ ಗ್ಯಾಂಗಿನವನೂ ಹಳಿಯ ಮೇಲೆ ಪಟಾಕಿ (ಗಾಲಿ ಹತ್ತಿದರೆ ಸಿಡಿದು ಡ್ರೈವರನನ್ನು ಎಚ್ಚರಿಸುವಂಥದ್ದು) ಕಟ್ಟುವುದು ಅಡ್ಡಿಯಿಂದ 600 ಮೀಟರಿಗೆ ಒಂದು, 1200 ಮೀಟರಿಗೆ ಹತ್ತತ್ತು ಮೀಟರ್ ಅಂತರದಲ್ಲಿ ಮೂರು, ಒಂಟಿ ಲೈನಾದರೆ ಎರಡೂ ದಿಕ್ಕಿಗೆ.