ಸ್ನಾನ ಮಾಡಿಸುವವರನ್ನು ತರಬೇತಿಗೆ ಕರೆಯಿರಿ

ಬೆಂಗಳೂರಿನ ಆಸ್ಪತ್ರೆ, ವೃದ್ಧಾಶ್ರಮಗಳಲ್ಲಿ ಸೇಫ್‌ಗಾರ್ಡಿಂಗ್ (ಇನ್ನೊಬ್ಬರನ್ನು ನೆಚ್ಚಿಕೊಂಡಿರುವವರನ್ನು ದೌರ್ಜನ್ಯದಿಂದ ಕಾಪಾಡುವ) ತರಬೇತಿ ಎಂದರೆ ಹಾಲ್‌ನಲ್ಲಿ ಕೂತಿರುವವರು ನರ್ಸಿಂಗ್ ಸೂಪರಿಂಟೆಂಡೆಂಟ್, ಡ್ಯೂಟಿ ಡಾಕ್ಟರು, ಎಚ್‌ಆರ್‌ನವರು. ಬೆಳಿಗ್ಗೆ ಅಜ್ಜಿಯ ಮೈ ಒರೆಸಿ, ಡಯಾಪರ್ ಬದಲಿಸಿ, ಬೆನ್ನಿಗೆ ಪೌಡರ್ ಹಾಕಿದ ಆಯಾ ವಾರ್ಡ್‌ನಲ್ಲೇ ಉಳಿದಿರುತ್ತಾರೆ. ‘ಅವರು ಬಂದ್ರೆ ವಾರ್ಡ್ ನೋಡ್ಕೊಳ್ಳೋರು ಯಾರು ಮೇಡಂ?’ ಎಂದು ಆಡಳಿತದವರು ತರಬೇತಿ ಕೊಡುವ ನಮ್ಮನ್ನು ಕೇಳುತ್ತಾರೆ. ಮಧ್ಯಾಹ್ನ ಪಾಳಿ ಬದಲಾಗುವಾಗ ಎರಡೂ ಪಾಳಿಯವರು ಇರುತ್ತಾರಲ್ಲ, ಆಗ ಮುಕ್ಕಾಲು ಗಂಟೆ ಕೊಡಿ ಸಾಕು. ಅಜ್ಜಿಯ ಬೆನ್ನು ದಿನವೂ ನೋಡುವವರು ಆಯಾ ಒಬ್ಬರೇ. ಕಾಯ್ದೆಯ ಸೆಕ್ಷನ್ನುಗಳನ್ನು ಬಾಯಿಪಾಠ ಹೇಳುವ ಹತ್ತು ಅಧಿಕಾರಿಗಳಿಗಿಂತ, ಕಂಡದ್ದನ್ನು ಹೇಳಬಲ್ಲ ಒಬ್ಬ ಆಯಾ ರೋಗಿಗೆ ದೊಡ್ಡ ರಕ್ಷಣೆ.

ಪಾರ್ಶ್ವವಾಯು, ಡಿಮೆನ್ಷಿಯಾ, ಮಾನಸಿಕ ಕಾಯಿಲೆ, ಅಂಗವೈಕಲ್ಯ, ಹೀಗೆ ಯಾವುದೋ ಕಾರಣಕ್ಕೆ ಊಟಕ್ಕೂ ಶೌಚಕ್ಕೂ ಇನ್ನೊಬ್ಬರನ್ನು ನೆಚ್ಚಿಕೊಂಡಿರುವ ವಯಸ್ಕರ ಮೇಲೆ ನಡೆಯುವುದು ಹೊಡೆತ ಮಾತ್ರವಲ್ಲ. ಬೈಗುಳ, ಲೈಂಗಿಕ ದೌರ್ಜನ್ಯ, ದುಡ್ಡು ಕಸಿಯುವುದು, ನೋಡದೆ ಬಿಟ್ಟುಬಿಡುವುದು ಎಲ್ಲವೂ ಸೇರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 60 ದಾಟಿದ ಆರು ಜನರಲ್ಲಿ ಒಬ್ಬರು ಒಂದು ವರ್ಷದಲ್ಲಿ ಇಂಥದ್ದೇನಾದರೂ ಅನುಭವಿಸಿರುತ್ತಾರೆ. ಆರೈಕೆ ಕೇಂದ್ರಗಳ ಸಿಬ್ಬಂದಿಯಲ್ಲಿ ಮೂವರಲ್ಲಿ ಇಬ್ಬರು ತಾವೇ ಹಾಗೆ ನಡೆದುಕೊಂಡದ್ದನ್ನು ಒಪ್ಪಿಕೊಂಡಿದ್ದಾರೆ. ರಾತ್ರಿ ಪಾಳಿಯಲ್ಲಿ ಇಡೀ ಮಹಡಿಗೆ ಒಬ್ಬರನ್ನೇ ಬಿಟ್ಟರೆ ಎಂಥ ಒಳ್ಳೆಯವರ ಕೈಯೂ ಒರಟಾಗುತ್ತದೆ. ತರಬೇತಿ ಕೊಡುವವರು ಇದನ್ನು ಬಾಯಿಬಿಟ್ಟು ಹೇಳದಿದ್ದರೆ ಕೇಳುವವರು ನಮ್ಮ ಬೇರೆ ಮಾತನ್ನೂ ನಂಬುವುದಿಲ್ಲ.

ಮೈ ಕಂದಿದ್ದು ಕಂಡ ಕೂಡಲೇ ಹೊಡೆದಿದ್ದಾರೆ ಎನ್ನಬಾರದು. ರಕ್ತ ತೆಳುವಾಗುವ ಮಾತ್ರೆ ತಿನ್ನುವವರಿಗೆ ಮಂಚದ ಕಂಬಿ ತಗುಲಿದರೂ ಕಂದುತ್ತದೆ. ಬಣ್ಣ ನೋಡಿ ಎಷ್ಟು ದಿನದ ಗಾಯ ಎಂದು ಲೆಕ್ಕ ಹಾಕುವುದೂ ನಂಬುವಂಥದ್ದಲ್ಲ. ಎಲ್ಲಿ ಕಂದಿದೆ ಎಂಬುದನ್ನು ನೋಡಿ. ಮುಂಗೈ, ಮೊಣಕಾಲಿನ ಕೆಳಗೆ ಆಗಾಗ ತಗುಲುತ್ತಿರುತ್ತದೆ. ಕಿವಿ, ಕತ್ತು, ತೋಳಿನ ಒಳಮೈ, ತೊಡೆಸಂದು, ಅಂಗಾಲಿನಲ್ಲಿ ಕಂಡರೆ ಕೇಳಲೇಬೇಕು.

ಇನ್ನೊಂದು ಗುರುತನ್ನು ನಾನು ಪ್ರತಿ ತರಗತಿಯಲ್ಲೂ ಒತ್ತಿ ಹೇಳುತ್ತೇನೆ. ವಿಸಿಟರ್ಸ್ ಹೋದ ಮೇಲೆ ಕೈ ಒರೆಸುವಾಗ ರೋಗಿಯ ಹೆಬ್ಬೆರಳಲ್ಲಿ ನೀಲಿ ಇಂಕು. ರೋಗಿಗೆ ಮಾತು ನಿಂತಿದೆ, ಸಹಿ ಮಾಡಲಾಗದು. ಒಂದು ಸೈಟಿಗಾಗಿ ಅಣ್ಣತಮ್ಮಂದಿರು ಕೋರ್ಟ್ ಹತ್ತುವ ಈ ಊರಿನಲ್ಲಿ ಆ ಇಂಕು ಮೂಗೇಟಿನಷ್ಟೇ ಗಂಭೀರ. ‘ಅದು ಫ್ಯಾಮಿಲಿ ಮ್ಯಾಟರ್’ ಎಂದು ಸುಮ್ಮನಾಗುವಂತಿಲ್ಲ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರಿಂದ ಆಸ್ತಿ ಬರೆಸಿಕೊಂಡವರು ಆಮೇಲೆ ನೋಡಿಕೊಳ್ಳದಿದ್ದರೆ, ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ ಆ ವರ್ಗಾವಣೆಯನ್ನು ರದ್ದು ಮಾಡಬಹುದು. ಷರತ್ತೇ ಇಲ್ಲದೆ ಹಾಸಿಗೆಯಲ್ಲಿ ಒತ್ತಿಸಿಕೊಂಡ ಹೆಬ್ಬೆಟ್ಟಾದರೆ ಸಿವಿಲ್ ಕೋರ್ಟಿಗೆ ಹೋಗಬೇಕು. ಎಲ್ಲಿಗೇ ಹೋದರೂ, ಆ ದಿನ ರೋಗಿಯ ಸ್ಥಿತಿ ಹೇಗಿತ್ತು, ಇಂಕು ಎಷ್ಟು ಹೊತ್ತಿಗೆ ಕಂಡಿತು ಎಂದು ಕೇಸ್ ಶೀಟಿನಲ್ಲಿ ಬರೆದ ಎರಡು ಸಾಲು ಉಪಯೋಗಕ್ಕೆ ಬರುತ್ತದೆ.

ದೌರ್ಜನ್ಯದ ಬಗ್ಗೆ ರೋಗಿಯನ್ನು ಕೇಳುವುದನ್ನು ನಾಟಕ ಮಾಡಿಸಿಯೇ ಕಲಿಸಬೇಕು. ಒಬ್ಬರು ಅಜ್ಜಿ, ಇನ್ನೊಬ್ಬರು ಪಕ್ಕದಲ್ಲಿ ನಿಂತ ಮಗ. ಮೊದಲ ಸುತ್ತಿನಲ್ಲಿ ಹೆಚ್ಚಿನವರು ಮಗನ ಎದುರೇ ‘ಮನೇಲಿ ಯಾರಾದ್ರೂ ಹೊಡೀತಾರಾ ಅಜ್ಜಿ?’ ಎನ್ನುತ್ತಾರೆ. ‘ಇಲ್ಲಮ್ಮ, ನನ್ನ ಮಗ ಬಂಗಾರದಂಥವನು.’ ಅಲ್ಲಿಗೆ ಮಾತು ಮುಗಿಯಿತು. ಎರಡನೇ ಸುತ್ತಿನಲ್ಲಿ ‘ಡ್ರೆಸ್ಸಿಂಗ್ ಮಾಡ್ಬೇಕು ಸರ್, ಸ್ವಲ್ಪ ಹೊರಗಿರಿ’ ಎಂದು ಕರ್ಟನ್ ಎಳೆಯುತ್ತಾರೆ. ‘ರಾತ್ರಿ ಬಾತ್‌ರೂಮಿಗೆ ಹೋಗ್ಬೇಕು ಅನ್ಸಿದ್ರೆ ಯಾರನ್ನ ಕರೀತೀರಿ ಅಜ್ಜಿ? ಕರೆದ್ರೆ ಏನಂತಾರೆ?’ ಇಷ್ಟು ಕೇಳಿ ಸುಮ್ಮನಿರಬೇಕು. ಆ ಸುಮ್ಮನಿರುವುದೇ ಕಲಿಯಲು ಕಷ್ಟ. ಅಜ್ಜಿಯ ಭಾಷೆ ಬಾರದಿದ್ದರೆ ಮಗನನ್ನೋ ಸೊಸೆಯನ್ನೋ ದುಭಾಷಿ ಮಾಡಿಕೊಳ್ಳದೆ ಇನ್ನೊಬ್ಬ ಸಿಬ್ಬಂದಿಯನ್ನು ಕರೆಯಬೇಕು.

‘ನಿನ್ನ ಹತ್ರ ಮಾತ್ರ ಹೇಳ್ತಿದೀನಿ ಮಗಳೇ, ಯಾರಿಗೂ ಹೇಳ್ಬೇಡ’ ಎಂದರೆ ನಮ್ಮ ಹುಡುಗಿಯರು ಆಣೆ ಇಟ್ಟುಬಿಡುತ್ತಾರೆ. ಬದಲಿಗೆ ‘ನಿಮ್ಮ ಮಗನಿಗೆ ಹೇಳಲ್ಲ ಅಜ್ಜಿ. ಆದ್ರೆ ನಿಮಗೆ ಇನ್ನೂ ತೊಂದ್ರೆ ಆಗ್ಬಾರ್ದಲ್ಲ, ನಮ್ಮ ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳ್ಲೇಬೇಕು’ ಎನ್ನಲು ಕಲಿಸುತ್ತೇವೆ. ಬರೆಯುವಾಗ ‘ಮಗನಿಂದ ಹಲ್ಲೆ’ ಎಂಬ ತೀರ್ಪು ಬೇಡ. ಅಜ್ಜಿ ‘ಕೈ ತಿರುವಿದ’ ಎಂದಿದ್ದರೆ ಅದನ್ನೇ ಬರೆಯಿರಿ, ಜೊತೆಗೆ ಗಂಟೆ, ಗಾಯದ ಜಾಗ, ಅಳತೆ. ತನಿಖೆ ಪೊಲೀಸರ ಕೆಲಸ. ಬರೆಯಲು ಬಾರದ ಆಯಾ ಹೇಳಿದ್ದನ್ನು ಸಿಸ್ಟರ್ ಆ ಆಯಾಳ ಹೆಸರಿನಲ್ಲೇ ದಾಖಲಿಸಲಿ.

ಇಷ್ಟಾದ ಮೇಲೂ ಅಜ್ಜಿ ‘ನಾನು ಮಗನ ಮನೆಗೇ ಹೋಗ್ತೀನಿ’ ಎನ್ನಬಹುದು. ತರಬೇತಿಯಲ್ಲಿ ಅತಿ ಹೆಚ್ಚು ಜಗಳ ನಡೆಯುವುದು ಇಲ್ಲಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾದರೆ ಪೋಕ್ಸೊ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ತಿಳಿವಳಿಕೆ ನೆಟ್ಟಗಿರುವ ವಯಸ್ಕರ ವಿಷಯದಲ್ಲಿ ಅವರ ಇಷ್ಟ ಕೇಳದೆ ಹೆಜ್ಜೆ ಇಡುವುದು ಇನ್ನೊಂದು ಬಗೆಯ ದಬ್ಬಾಳಿಕೆ. ಬೇರೆಯವರಿಗೆ ತಪ್ಪು ಎನಿಸಿದ ಮಾತ್ರಕ್ಕೆ ನಿರ್ಧಾರ ಮಾಡುವ ಸಾಮರ್ಥ್ಯವೇ ಇಲ್ಲ ಎನ್ನಬಾರದು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯ ವಿಷಯದಲ್ಲಿ ಹೇಳುತ್ತದೆ. ಆ ನೋಟ ಇಲ್ಲಿಗೂ ಸಲ್ಲುತ್ತದೆ. ಇಂಗ್ಲೆಂಡಿನಲ್ಲಿ 2014ರ ಕೇರ್ ಆ್ಯಕ್ಟ್‌ (ಆರೈಕೆ ಕಾಯ್ದೆ) ಕುರಿತ ಸರ್ಕಾರಿ ಮಾರ್ಗಸೂಚಿಯಲ್ಲಿರುವ ಆರು ತತ್ವಗಳಲ್ಲೂ ಮೊದಲನೆಯದು ವ್ಯಕ್ತಿಯ ಕೈಗೇ ನಿರ್ಧಾರ ಕೊಡುವುದು. ನಮ್ಮಿಂದ ಅಲ್ಲಿಗೆ ಹೋದ ನರ್ಸ್‌ಗಳು ಇದನ್ನು ಕಡ್ಡಾಯವಾಗಿ ಕಲಿಯುತ್ತಾರೆ, ಇಲ್ಲಿನ ರೋಗಿಗೂ ಅದು ಸಿಗಬೇಕು. ಹಾಗೆಂದು ಕೈಬಿಡುವುದಲ್ಲ. ನಂಬಿಕೆಯ ನೆರೆಯವರ ನಂಬರ್, ಸೋಷಿಯಲ್ ವರ್ಕರ್ ಫೋನ್ ಮಾಡುವ ದಿನ, ಬೇಗ ಬರುವಂತೆ ರಿವ್ಯೂ ದಿನಾಂಕ, ಇಷ್ಟನ್ನು ಡಿಸ್ಚಾರ್ಜಿಗೆ ಮೊದಲೇ ಗಟ್ಟಿ ಮಾಡಿ. ಜೀವಕ್ಕೆ ಅಪಾಯವಿದ್ದರೆ, ಇಲ್ಲವೇ ರೋಗಿಗೆ ವಿಷಯವೇ ಅರ್ಥವಾಗದಿದ್ದರೆ ಕಾಯಬೇಡಿ, 112ಕ್ಕೆ ಫೋನ್ ಮಾಡಿ.

ಇನ್ನು ರೋಗಿಯ ಕೈ ಕಟ್ಟುವ ವಿಷಯ. ರೈಲ್ಸ್ ಟ್ಯೂಬ್ (ಮೂಗಿನ ಮೂಲಕ ಆಹಾರ ಕೊಡುವ ಕೊಳವೆ) ಕಿತ್ತುಕೊಳ್ಳುತ್ತಾರೆ ಎಂದು ಬ್ಯಾಂಡೇಜಿನಿಂದ ಮಂಚಕ್ಕೆ ಬಿಗಿಯುವುದು ನಮ್ಮಲ್ಲಿ ಮಾಮೂಲಿ. ಮಾನಸಿಕ ಆರೋಗ್ಯ ಕೇಂದ್ರಗಳಲ್ಲಿ ಸಿಬ್ಬಂದಿ ಕಡಿಮೆ ಎಂಬ ಕಾರಣಕ್ಕೆ ರೋಗಿಯನ್ನು ಕಟ್ಟುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 97ನೇ ಸೆಕ್ಷನ್ ನೇರವಾಗಿ ಹೇಳಿದೆ. ಜನರಲ್ ವಾರ್ಡಿನ ರೋಗಿಯ ಮೈ ಬೇರೆಯೇ? ಯಾಕೆ ಕಿತ್ತುಕೊಳ್ಳುತ್ತಿದ್ದಾರೆ ಎಂದು ನೋಡಿ. ಮೂತ್ರ ಕಟ್ಟಿರಬಹುದು, ಮೂಗು ಉರಿಯುತ್ತಿರಬಹುದು.

ಹಿರಿಯರ ವಿಷಯಕ್ಕೆ ಎಲ್ಡರ್‌ಲೈನ್ ಸಹಾಯವಾಣಿ 14567 ಇದೆ. ಅಂಗವಿಕಲರ ಮೇಲಿನ ಹಿಂಸೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಯಾರು ಬೇಕಾದರೂ ತಿಳಿಸಬಹುದು. ದಾರಿ ತಪ್ಪುವುದು ಆರೋಪ ನಮ್ಮ ಸಿಬ್ಬಂದಿಯ ಮೇಲೇ ಬಂದಾಗ. ಸಿಬ್ಬಂದಿ ಕಳಿಸುವ ಏಜೆನ್ಸಿಗೆ ಫೋನ್ ಮಾಡಿ ‘ಇವರು ಬೇಡ, ಬೇರೆಯವರನ್ನ ಕಳಿಸಿ’ ಎಂದು ಮುಗಿಸಿಬಿಡುತ್ತಾರೆ. ಮನೆಗೆ ಹೋಮ್ ನರ್ಸ್ ಇಟ್ಟುಕೊಂಡವರೂ ಇದನ್ನೇ ಮಾಡುತ್ತಾರೆ. ಅದೇ ವ್ಯಕ್ತಿ ಮುಂದಿನ ವಾರ ಇನ್ನೊಂದು ಬಡಾವಣೆಯಲ್ಲಿ, ಮಾತು ಬಾರದ ಇನ್ನೊಬ್ಬರ ಮಂಚದ ಪಕ್ಕದಲ್ಲಿ ಇರುತ್ತಾರೆ. ಆದ್ದರಿಂದ ದೂರು ಬರವಣಿಗೆಯಲ್ಲಿ ಹೋಗಲಿ, ಏಜೆನ್ಸಿಗೂ ಠಾಣೆಗೂ. ದೂರು ಹೇಳಿದ ಆಯಾಳನ್ನು ಕೆಲಸದಿಂದ ತೆಗೆಯುವುದಿಲ್ಲ ಎಂಬ ಸಾಲು ಏಜೆನ್ಸಿಯ ಜೊತೆಗಿನ ಒಪ್ಪಂದದಲ್ಲೇ ಇರಲಿ.